ಹೈಸ್ಕೂಲ್ ಕ್ಲಿನಿಕ್‌ಗೆ ಒಂದು ರೂಮ್, ಕೌನ್ಸೆಲಿಂಗಿಗೆ ಇನ್ನೊಂದು ರೂಮ್ ಬೇಕೇನು? ಬ್ಯಾಡ್ರಿ, ಒಂದೇ ಸಾಕು

ನಿಮ್ ಪ್ರಶ್ನಿ ನನಗ ತಿಳ್ದಿದ್ದು ಹಿಂಗ: ಯಾದಗಿರಿ ಜಿಲ್ಲಾದಾಗ ಒಂದು ಸರ್ಕಾರಿ ಹೈಸ್ಕೂಲಿಗೆ ವಿಜ್ಞಾನ ಕಲಿಸ್ಲಿಕ್ಕ ಹೊಸದಾಗಿ ಬಂದೀರಿ, ಹೆಡ್‌ಮಾಸ್ತರು ಆರೋಗ್ಯದ ಚಾರ್ಜ್ ನಿಮ್ ಕೊಳ್ಳಿಗೆ ಕಟ್ಯಾರ, ಎರಡು ರೂಮ್ ಖಾಲಿ ಅವ, ಒಂದ್ರಾಗ ಮಂಚ ಔಷಧಿ ಡಬ್ಬಿ ಇನ್ನೊಂದ್ರಾಗ ಕೌನ್ಸೆಲಿಂಗ್ ಅಂತ ಪ್ಲಾನ್ ಹಾಕೀರಿ, ಆದ್ರ ಬರೋರೆಲ್ಲ ಬರೀ ಹೊಟ್ಟಿ ನೋವು ತಲಿ ನೋವು ಅಂತಾರ, ಇದ್ರಾಗ ಖರೆ ಯಾವ್ದು ನಾಟಕ ಯಾವ್ದು, ಮತ್ತ ಮೊದ್ಲು ಏನೇನು ತರ್ಬೇಕು. ಸರ್ರೋ ಮೇಡಮ್ಮೋ ಗೊತ್ತಾಗ್ಲಿಲ್ಲ, ಹೆಸರು ಹಾಕಿಲ್ಲ ನೀವು, ತಪ್ಪು ತಿಳ್ಕೋಬ್ಯಾಡ್ರಿ.

ನಾನು ನರ್ಸ್. ಕಲಬುರಗಿ ಊರ ಹೊರಗ ಒಂದು ಹೈಸ್ಕೂಲಿನ ದವಾಖಾನಿ ರೂಮಿನಾಗ ಏಳು ವರ್ಷ ಆತು. ಡಾಕ್ಟರ್ ಬುಧವಾರ ಒಂದಿನ ಬರ್ತಾರ, ಉಳಿದ ದಿನ ನಾನೇ ಡಾಕ್ಟರ್, ನಾನೇ ಆಯಾ, ಒಮ್ಮೊಮ್ಮೆ ಹುಡುಗ್ರ ಬಸ್ ಪಾಸ್ ಇಟ್ಕೊಳ್ಳೋ ಕಪಾಟೂ ನಾನೇ.

ಎರಡು ರೂಮ್ ಮಾಡಬ್ಯಾಡ್ರಿ ಅಂತ ಯಾಕ ಹೇಳ್ತೀನಂದ್ರ ನಾವು ಮಾಡಿ ನೋಡೀವಿ. ಛಲೋ ಪೇಂಟ್ ಹೊಡ್ಸಿ, ಬಾಗಲ ಮ್ಯಾಲ ‘ಆಪ್ತ ಸಮಾಲೋಚನಾ ಕೊಠಡಿ’ ಅಂತ ಬೋರ್ಡ್ ಬರ್ಸಿ, ಎರಡು ಕುರ್ಚಿ, ಒಂದು ಪ್ಲಾಸ್ಟಿಕ್ ಹೂವಿನ ಕುಂಡ. ಇಡೀ ವರ್ಷಕ್ಕ ನಾಲ್ಕು ಮಂದಿ ಬಂದ್ರು. ಅದ್ರಾಗ ಮೂರು ಮಂದಿ ಫ್ಯಾನ್ ಕೆಳಗ ಕೂಡ್ಲಿಕ್ಕ ಬಂದಿದ್ರು, ನಾಲ್ಕನೇದಂವನ್ನ ಕ್ಲಾಸಿನಾಗ ಗದ್ಲ ಹಾಕ್ತಾನ ಅಂತ ಮಾಸ್ತರು ಶಿಕ್ಷಾ ಕೊಟ್ಟಂಗ ಕಳ್ಸಿದ್ರು. ಆ ಬಾಗಲ ದಾಟಿದ್ರ ಸಂಜಿಕಿ ಬಸ್ಸಿನಾಗ ಹೆಸರಿಗಿ ‘ಮೆಂಟಲ್’ ಅಂತ ಅಂಟ್ತದ, ಯಾರು ಬರ್ತಾರ ಹೇಳ್ರಿ. ಆ ಕಡಿ ನನ್ ರೂಮಿನಾಗ ದಿನಾ ಇಪ್ಪತ್ತು ಮಂದಿ ಕ್ಯೂ. ಮುಂದಿನ ಜೂನ್‌ಗ ಬೋರ್ಡ್ ತಗದು, ತಿಂಗಳಿಗಿ ಎರಡು ಸಲ ಬರೋ ಕೌನ್ಸೆಲರ್ ಮೇಡಂ ಕುರ್ಚಿ ತಂದು ನನ್ ರೂಮಿನಾಗೇ ಪರದಿ ಹಿಂದ ಹಾಕಿದ್ವಿ. ಯಾರು ಬಿಪಿ ನೋಡಿಸ್ಕೊಳ್ಳಿಕ್ಕ ಹೋದ್ರು ಯಾರು ಅಳ್ಲಿಕ್ಕ ಹೋದ್ರು ಹೊರಗಿನವರಿಗಿ ಗೊತ್ತಾಗಂಗಿಲ್ಲ, ಅಷ್ಟೇ ಬದ್ಲು ಮಾಡಿದ್ದು.

ನಾಟಕದ ಮಾತಿಗಿ ಬರ್ತೀನಿ. ನಾಟಕ ಇರ್ತದ, ಇಲ್ಲ ಅನ್ನಂಗಿಲ್ಲ, ಗಣಿತ ಟೆಸ್ಟ್ ದಿನ ನನ್ ರೂಮ್ ಸೋಮವಾರ ಸಂತಿ ಆಗ್ತದ. ಅದಕ್ಕ ಬೈಯಂಗಿಲ್ಲ, ಒಂದು ಗ್ಲಾಸ್ ನೀರು ಕೊಟ್ಟು ಹತ್ತು ಮಿನಿಟ್ ಕೂಡ್ಸಿ ಕಳಸ್ತೀನಿ. ಆದ್ರ ಅದೇ ಹುಡುಗಿ ಅದೇ ನೋವು ಅಂತ ಮೂರನೇ ಸಲ ಬಂದ್ಳಂದ್ರ ಅದನ್ನ ನಾಟಕದ ಲೆಕ್ಕಕ್ಕ ಹಾಕಬ್ಯಾಡ್ರಿ. ಮಕ್ಕಳಿಗಿ ನನ್ ಮನಸ್ಸು ಸರಿ ಇಲ್ಲ ಅನ್ಲಿಕ್ಕ ಬರಂಗಿಲ್ಲ, ನಮ್ ಕಡಿ ದೊಡ್ಡೋರಿಗೇ ಬರಂಗಿಲ್ಲ, ಹೊಟ್ಟಿ ನೋವು ಅಂದ್ರ ಮಾತ್ರ ಕ್ಲಾಸಿನಿಂದ ಎದ್ದು ಬರ್ಲಿಕ್ಕ ಬಿಡ್ತಾರ ಅಂತ ಅವರಿಗಿ ಗೊತ್ತದ.

ಹಂಗಂತ ಬಂದ ತಕ್ಷಣ ಮನಿಯಾಗ ಏನಾರ ಜಗಳ ಅದೇನು ಅಂತ ಶುರು ಮಾಡಬ್ಯಾಡ್ರಿ. ಹೊಸದಾಗಿ ಕೌನ್ಸೆಲಿಂಗ್ ಟ್ರೇನಿಂಗ್ ಆದವರು ಈ ತಪ್ಪು ಭಾಳ ಮಾಡ್ತಾರ, ಎಲ್ಲದ್ರಾಗೂ ಡಿಪ್ರೆಶನ್ ಕಾಣ್ತದ ಅವರಿಗಿ. ನನ್ ಮೊದಲ್ನೇ ಪ್ರಶ್ನಿ ಯಾವಾಗ್ಲೂ ಒಂದೇ, ಮುಂಜಾನಿ ಏನ್ ತಿಂದಿ ತಂಗಿ. ಅರ್ಧಕ್ಕರ್ಧ ಮಂದಿ ಬರೀ ಚಾ, ಇಲ್ಲಾ ಚಾ ಖಾರಿ. ಹಳ್ಳಿಯಿಂದ ಏಳು ಗಂಟೆ ಬಸ್ಸಿಗಿ ಬರೋ ಹುಡುಗ್ರು ಪ್ರಾರ್ಥನಾದಾಗ ಚಕ್ಕರ್ ಬಂದು ಬೀಳೋದು ಬ್ಯಾರೆ ಯಾಕಲ್ಲ, ಹಸಿವಿಗಿ. ಎರಡನೇದು, ನೀರು ಎಷ್ಟು ಕುಡದಿ, ಉರಿ ಮೂತ್ರ ಅದೇನು. ಹುಡುಗೇರು ಶಾಲಿ ಸಂಡಾಸಕ್ಕ ಹೋಗ್ಬಾರ್ದು ಅಂತ ಮುಂಜಾನಿಂದ ಸಂಜಿ ತನಕ ಹನಿ ನೀರು ಕುಡಿಯಂಗಿಲ್ಲ, ಅದೂ ನಮ್ ಬಿಸಲಾಗ, ಆಮ್ಯಾಲ ಉರಿ ಮೂತ್ರ, ಕಿಬ್ಬೊಟ್ಟಿ ನೋವು, ಜ್ವರ. ಇದಕ್ಕ ಔಷಧಿಗಿಂತ ಮೊದ್ಲು ಸಂಡಾಸಕ್ಕ ಒಳಚಿಲಕ ಮತ್ತ ಬಕೆಟ್ ಬೇಕು, ನಮ್ ಶಾಲಿಯಾಗ ಚಿಲಕ ಒಂದು ಹಾಕ್ಸಿದ ಮ್ಯಾಲ ಈ ಕೇಸ್ ಎಷ್ಟು ಕಮ್ಮಿ ಆದ್ವು ಅಂದ್ರ ನನಗೇ ನಾಚ್ಕಿ ಆತು, ಅಲ್ಲಿ ತನಕ ಬರೀ ಸ್ಟ್ರಿಪ್ ಹರ್ದು ಗುಳಿಗಿ ಕೊಡ್ತಾ ಕುಂತಿದ್ದೆ. ಮೂರನೇದು ಮುಟ್ಟಿನ ವಿಚಾರ, ಹೊರಗ ಎಂದಾಗಿದ್ದಿ, ಎಷ್ಟು ದಿನ ಹೋಗ್ತದ, ಬಟ್ಟಿನೋ ಪ್ಯಾಡೋ. ಸರ್ಕಾರದ ಶುಚಿ ಯೋಜನಾದ ಪ್ಯಾಡ್ ಬಂದಾಗ ಆಫೀಸ್ ಕಪಾಟಿನಾಗ ಕೀಲಿ ಹಾಕಿ ಇಡ್ಲಿಕ್ಕ ಬಿಡಬ್ಯಾಡ್ರಿ, ಮಾಸ್ತರ ಕೈಯಾಗ ಕೇಳ್ಲಿಕ್ಕ ಯಾವ ಹುಡುಗಿನೂ ಬರಂಗಿಲ್ಲ, ನಿಮ್ ರೂಮಿನಾಗ ಕೈಗಿ ಸಿಗೋ ಹಂಗ ಇರ್ಲಿ.

ಆಮ್ಯಾಲ ರಕ್ತ. 12 ರಿಂದ 14 ವರ್ಷದ ಮಕ್ಕಳಿಗಿ, ಮತ್ತ ಅದಕ್ಕೂ ದೊಡ್ಡ ಹುಡುಗೇರಿಗಿ ಹಿಮೋಗ್ಲೋಬಿನ್ 12 ಇರ್ಬೇಕು, 11ಕ್ಕಿಂತ ಕೆಳಗ ಬಂದ್ರ ಮಧ್ಯಮ ರಕ್ತಹೀನತಿ, 8ಕ್ಕಿಂತ ಕೆಳಗ ಅಂದ್ರ ತೀವ್ರ, ಅಂಥವರನ್ನ ಶಾಲಿಯಾಗ ಇಟ್ಕೊಂಡು ಕೂಡಬ್ಯಾಡ್ರಿ, ನೇರ ದೊಡ್ಡ ದವಾಖಾನಿಗಿ. ಒಂಬತ್ತನೇ ಕ್ಲಾಸಿನ ಒಬ್ಬಾಕಿ ಇದ್ಳು, ಕ್ಲಾಸಿನಾಗ ತೂಕಡಿಸ್ತಾಳ, ಯಾರ ಜೋಡಿನೂ ಮಾತಾಡಂಗಿಲ್ಲ, ಟೀಚರ್ ಆಕಿಗಿ ಮಾನಸಿಕ ತೊಂದ್ರಿ ಅದ ಅಂತ ಕಳ್ಸಿದ್ರು, ನೋಡಿದ್ರ ರಕ್ತ 7.8. ಟ್ರೀಟ್‌ಮೆಂಟ್ ಆಗಿ ಮೂರು ತಿಂಗಳಿಗಿ ಖೋಖೋ ಟೀಮಿನಾಗ ಇದ್ಳು. ಉಲ್ಟಾನೂ ಆಗ್ತದ, ಇನ್ನೊಬ್ಬಾಕಿ ರಕ್ತ ಎಲ್ಲಾ ಬರೊಬ್ಬರಿ ಬಂತು, ಅಳೋದು ಮಾತ್ರ ನಿಲ್ಲಲಿಲ್ಲ. ಅದಕ್ಕೇ ಎರಡೂ ಒಂದೇ ರೂಮಿನಾಗ ಆಗ್ಬೇಕು ಅನ್ನೋದು, ಒಂದು ಮುಗಿದ ಮ್ಯಾಲ ಇನ್ನೊಂದು ಬಾಗಲಕ್ಕ ಹೋಗು ಅಂದ್ರ ಹೋಗಂಗಿಲ್ಲ ಅವ್ರು.

ನೀಲಿ ಗುಳಿಗಿ ಕತಿ ನಿಮಗೂ ಗೊತ್ತಿರ್ಬೇಕು. ಸೋಮವಾರಕ್ಕೊಮ್ಮೆ ಕಬ್ಬಿಣಾಂಶದ ಗುಳಿಗಿ ಕೊಡ್ತಾರಲ್ಲ, 10 ರಿಂದ 19 ವರ್ಷದವರಿಗಿ, ನಾನು ಬಂದ ಹೊಸದ್ರಾಗ ಕಂಪೌಂಡ್ ಹಿಂದ ನೀಲಿ ನೀಲಿ ಬಿದ್ದಿರ್ತಿದ್ವು. ಖಾಲಿ ಹೊಟ್ಟಿಲಿ ನುಂಗಿ ವಾಂತಿ ಮಾಡ್ಕೋತಾರ, ಮರುದಿನ ಸಂಡಾಸ ಕರ್ರಗ ಆದ್ರ ಹೆದರ್ತಾರ, ಮಕ್ಕಳಾಗಂಗಿಲ್ಲ ಅಂತ ಯಾರೋ ಅಜ್ಜಿ ಹಬ್ಬಿಸಿರ್ತಾಳ. ಬಿಸಿಯೂಟ ಆದ ಮ್ಯಾಲ ಕೊಡ್ರಿ, ಮೊದ್ಲು ನೀವು ಒಂದು ನುಂಗಿ ತೋರಿಸ್ರಿ, ಕರ್ರಗ ಹೋಗ್ತದ ಅಂತ ಮುಂಚೇನೇ ಹೇಳ್ರಿ. ಗುಳಿಗಿ ತಗೊಂಡ ಕೂಡ್ಲೇ ಚಾ ಕುಡಿಬಾರ್ದು, ಕಬ್ಬಿಣಾಂಶ ಮೈಗಿ ಹತ್ತಂಗಿಲ್ಲ, ಅದ್ರ ಬದ್ಲಿ ಪುಂಡಿಪಲ್ಯ ರೊಟ್ಟಿ ಮ್ಯಾಲ ಲಿಂಬಿ ಹಿಂಡ್ಕೊಂಡು ತಿನ್ನು ಅಂದ್ರ ಮನಿಯವರೂ ಒಪ್ತಾರ. ಫೆಬ್ರವರಿ 10, ಆಗಸ್ಟ್ 10 ಜಂತುಹುಳದ ಗುಳಿಗಿ ಬರ್ತದ, ಅದನ್ನ ಜಗಿದು ತಿನ್ನಿಸ್ರಿ.

ಕಣ್ಣೂ ಮರೀಬ್ಯಾಡ್ರಿ. ಹತ್ತನೇ ಕ್ಲಾಸ್ ಹುಡುಗ ಒಬ್ಬಂವ ವಾರಕ್ಕ ಮೂರು ದಿನ ತಲಿ ನೋವು, ಪಕ್ಕದಂವನ ನೋಟ್ಸ್ ನೋಡಿ ಬರೀತಾನ ಅಂತ ಹೊಡ್ತ ಬ್ಯಾರೆ ತಿಂತಿದ್ದ, ಆರು ಮೀಟರ್ ದೂರ ಚಾರ್ಟ್ ಹಚ್ಚಿ ಓದ್ಸಿದ್ರ ಮ್ಯಾಲಿನ ದೊಡ್ಡ ಅಕ್ಷರ ಬಿಟ್ರ ಏನೂ ಕಾಣ್ತಿರ್ಲಿಲ್ಲ. ಮಕ್ಕಳ ಆರೋಗ್ಯ ತಪಾಸಣಿ ಮಾಡೋ ಸರ್ಕಾರದ ಆರ್‌ಬಿಎಸ್‌ಕೆ ಟೀಮ್ ವರ್ಷಕ್ಕೊಮ್ಮೆ ಶಾಲಿಗಿ ಬರ್ತದ, ಅವರು ಬರೋ ಮುಂಚೇನೇ ನೀವು ಇಂಥ ಹುಡುಗ್ರ ಲಿಸ್ಟ್ ಮಾಡಿ ಇಡ್ರಿ, ಇಲ್ಲಾಂದ್ರ ಒಂದೇ ದಿನದಾಗ ನಾಲ್ಕುನೂರು ಮಕ್ಕಳನ್ನ ಅವರಾದ್ರೂ ಹೆಂಗ್ ನೋಡ್ಬೇಕು.

ಈಗ ಮನಸ್ಸಿನ ಮಾತು. ಬಿಪಿ ಪಟ್ಟಿ ಕಟ್ಲಿಕ್ಕ ತೋಳು ಮ್ಯಾಲ ಮಾಡು ಅಂದಾಗೇ ನನಗ ಎಷ್ಟೋ ಸಂಗತಿ ಗೊತ್ತಾಗ್ಯಾವ. ಮಾರ್ಚ್ ತಿಂಗಳ ಕಲಬುರಗಿ ಬಿಸಲಾಗ ತುಂಬು ತೋಳಿನ ಸ್ವೆಟರ್ ಹಾಕ್ಕೊಂಡು ಬಂದ ಹುಡುಗಿನ್ನ ನೋಡಿ ಯಾರಿಗೂ ಏನೂ ಅನ್ನಿಸಿರ್ಲಿಲ್ಲ. ಬ್ಲೇಡಿನ ಗೀರು ಕಂಡ್ರ ಹೌಹಾರಬ್ಯಾಡ್ರಿ, ಏನಿದು ಹುಚ್ಚಾಟ ಅಂತ ಬೈಬ್ಯಾಡ್ರಿ. ಗಾಯ ಒರಸ್ತಾ ಒರಸ್ತಾ ಕೇಳ್ರಿ, ಬಾಯಿ ಮಾತಿನಾಗ, ಸತ್ತು ಹೋದ್ರ ಛಲೋ ಅಂತ ಅನ್ನಿಸ್ಯಾದೇನು ಅಂತ. ಕೇಳಿದ್ರ ಆ ವಿಚಾರ ತಲ್ಯಾಗ ಹೊಕ್ತದ ಅಂತ ಭಾಳ ಮಂದಿ ಹೆದರ್ತಾರ, ಹಂಗೇನಿಲ್ಲ, ಯಾರೋ ಕೇಳಿದ್ರಲ್ಲ ಅಂತ ಮಕ್ಕಳು ಹಗುರಾಗ್ತಾರ. ಹೂಂ ಅಂದ್ರ ಆ ಮಗಿನ್ನ ಒಂದು ಕ್ಷಣ ಒಬ್ಬರನ್ನೇ ಬಿಡಬ್ಯಾಡ್ರಿ, ಮನಿಯವರನ್ನ ಕರ್ಸಿ ಅವತ್ತೇ ದೊಡ್ಡ ದವಾಖಾನಿಗಿ ಕಳ್ಸ್ರಿ, ಮತ್ತ ಮನಿಯವರಿಗಿ ಒಂದು ಮಾತು ಬಿಡದೆ ಹೇಳ್ರಿ, ತೊಗರಿ ಹತ್ತಿಗಿ ಹೊಡಿಯೋ ಎಣ್ಣಿ, ಅಂದ್ರ ಕೀಟನಾಶಕದ ಡಬ್ಬಿ ಮನಿಯಾಗ ಇಡಬ್ಯಾಡ್ರಿ, ಕೀಲಿ ಇರೋ ಕಡಿ ಹಾಕ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಗ್ವಾಡಿ ಮ್ಯಾಲ ದೊಡ್ಡದಾಗಿ ಬರ್ಸ್ರಿ, ಪುಕ್ಕಟಿ, ರಾತ್ರಿ ಹಗಲು ನಡೀತದ, ಕನ್ನಡದಾಗ ಮಾತಾಡ್ತಾರ, 2022ರ ಅಕ್ಟೋಬರ್‌ನಿಂದ ಅದ. ಜಿಲ್ಲಾ ಮಾನಸಿಕ ಆರೋಗ್ಯದ ಟೀಮೂ ಅದ. ಅಂದಂಗ ಈ ಜಿಲ್ಲಾ ಮಾನಸಿಕ ಆರೋಗ್ಯ ಯೋಜನಾ ಮೊದ್ಲು ಪ್ರಯೋಗ ಆಗಿದ್ದು ನಮ್ ಭಾಗದ ಬಳ್ಳಾರಿಯಾಗ, ನಿಮ್ಹಾನ್ಸ್‌ನವರು 1985ರಾಗ ಶುರು ಮಾಡಿದ್ದು, ಅದನ್ನ ನೋಡಿ 1996ರಾಗ ದೇಶಕ್ಕ ತಂದ್ರು, ಹಿಂದುಳಿದ ಕಡಿ ಇದೆಲ್ಲ ಎಲ್ಲಿ ಸಿಗ್ತದ ಅನ್ನೋರಿಗಿ ನಾನು ಇದನ್ನ ಹೇಳ್ತಿರ್ತೀನಿ.

ಗಾಳಿ ಬಡದದ, ಗಾಣಗಾಪುರಕ್ಕ ಒಯ್ತೀವಿ ಅಂತಾರ ಮನಿಯವರು, ಇನ್ನೊಂದಿಷ್ಟು ಮಂದಿ ದರ್ಗಾಕ್ಕ. ಜಗಳಾಡಬ್ಯಾಡ್ರಿ. ಹೋಗಿ ಬರ್ರಿ, ಡಾಕ್ಟರ್ ಕೊಟ್ಟ ಗುಳಿಗಿ ಮಾತ್ರ ನಿಲ್ಲಿಸಬ್ಯಾಡ್ರಿ ಅನ್ರಿ. ಬ್ಯಾಡ ಅಂದ್ರ ಅವರು ನಿಮ್ ಕಡಿ ಬರೋದೇ ಬಿಡ್ತಾರ.

ಇನ್ನೊಂದು, ನಾ ಮಾಡಿದ ತಪ್ಪು ಹೇಳ್ತೀನಿ, ಹೇಳ್ಲಿಕ್ಕ ಮನಸ್ಸಿಲ್ಲ ಆದ್ರೂ ಹೇಳ್ತೀನಿ. ಹಿಂದಿನ ಶಾಲಿಯಾಗ ಇದ್ದಾಗ ಒಬ್ಬ ಹುಡುಗಿ, ತಾಂಡಾದಾಕಿ, ಅವ್ವ ಅಪ್ಪ ಪುಣೆಕ್ಕ ದುಡಿಲಿಕ್ಕ ಹೋಗಿದ್ರು, ಅಜ್ಜಿ ಬಲ್ಲಿ ಇದ್ಳು. ಪ್ರತಿ ಸೋಮವಾರ ಹೊಟ್ಟಿ ನೋವು. ಐದನೇ ಸೋಮವಾರ ಹೇಳಿದ್ಳು, ಯಕ್ಕಾ ಯುಗಾದಿ ಆದ ಮ್ಯಾಲ ನನ್ ಲಗ್ನ ಅಂತ. ಹದಿನೈದು ವಯಸ್ಸು. ಯಾರ ಮುಂದನೂ ಹೇಳಂಗಿಲ್ಲ ಅಂತ ಆಕಿಗಿ ಮಾತು ಕೊಟ್ಟು, ಮಧ್ಯಾಹ್ನಕ್ಕೇ ಹೋಗಿ ಹೆಡ್‌ಮಾಸ್ತರಿಗಿ ಹೇಳ್ದೆ. ಅವರು ಒಳ್ಳೇ ಮನಸ್ಸಿನಿಂದ್ಲೇ ಆಕಿ ಕಾಕಾಗ ಫೋನ್ ಹಚ್ಚಿ ಬುದ್ಧಿ ಹೇಳಿದ್ರು. ಮರುದಿನದಿಂದ ಹುಡುಗಿ ಶಾಲಿಗಿ ಬರ್ಲಿಲ್ಲ. ಹನ್ನೊಂದು ದಿನ. ಕೊನಿಗಿ ಮಕ್ಕಳ ಸಹಾಯವಾಣಿ 1098ಕ್ಕ ಹೇಳಿ, ಶಿಶು ಅಭಿವೃದ್ಧಿ ಅಧಿಕಾರಿ ಸಿಡಿಪಿಓ ಮೇಡಂ ತಾಂಡಾಕ್ಕ ಹೋಗಿ ಲಗ್ನ ಮಾಡಂಗಿಲ್ಲ ಅಂತ ಬರ್ಸ್ಕೊಂಡು ಬಂದ ಮ್ಯಾಲ ಲಗ್ನ ನಿಂತ್ತು, ಹುಡುಗಿ ಶಾಲಿಗಿ ಬಂದ್ಳು, ಪಾಸೂ ಆದ್ಳು. ನನ್ ರೂಮಿಗಿ ಮಾತ್ರ ಆಮ್ಯಾಲ ಒಂದಿನಾನೂ ಬರ್ಲಿಲ್ಲ, ಎದುರಿಗಿ ಸಿಕ್ರೂ ನೆಲ ನೋಡ್ಕೊಂಡು ಹೋಗ್ತಿದ್ಳು.

ಹೇಳಿದ್ದು ತಪ್ಪಲ್ಲ, ಬಾಲ್ಯವಿವಾಹ ಆದ್ರ ಹೇಳ್ಲೇಬೇಕು, ಮೈ ಮುಟ್ಟೋ ಕೇಸ್ ಅಂದ್ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ತಿಳಿಸ್ಲೇಬೇಕು. ಹೇಳಂಗಿಲ್ಲ ಅಂತ ಮಾತು ಕೊಟ್ಟಿದ್ದು ತಪ್ಪು, 1098ಕ್ಕ ಹೇಳೋದು ಬಿಟ್ಟು ಮನಿಯವರ ಕಿವಿಗಿ ಹೋಗೋ ಹಂಗ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಈಗ ಮಾತು ಶುರು ಆಗೋ ಮುಂಚೇನೇ ಹೇಳಿಬಿಡ್ತೀನಿ: ನೋಡವ್ವಾ, ನೀ ಹೇಳಿದ್ದು ಈ ಪರದಿ ದಾಟಂಗಿಲ್ಲ, ಆದ್ರ ನಿನ್ ಜೀವಕ್ಕ ಅಪಾಯ ಇದ್ರ, ಯಾರಾರ ಕೈ ಹಾಕಿದ್ರ, ಲಗ್ನದ ಮಾತಿದ್ರ ನಾನು ಒಬ್ಬರಿಗಿ ಹೇಳ್ಬೇಕಾಗ್ತದ, ಯಾರಿಗಿ ಹೇಳ್ತೀನಿ ಅಂತ ನಿನಗ ಮೊದ್ಲು ಹೇಳೇ ಹೇಳ್ತೀನಿ. ಇಷ್ಟು ಕೇಳಿನೂ ಮಾತಾಡ್ತಾರ ಮಕ್ಕಳು, ನೀವು ಅಂದ್ಕೊಂಡಷ್ಟು ಹಿಂಜರಿಯಂಗಿಲ್ಲ. ರಿಜಿಸ್ಟರ್‌ನಾಗ ಬರೀ ‘ಹೊಟ್ಟೆ ನೋವು, ವಿಶ್ರಾಂತಿ’ ಅಂತ ಬರೀತೀನಿ, ಉಳಿದದ್ದು ಹೆಸರಿಲ್ಲದ, ನಂಬರ್ ಹಾಕಿದ ಇನ್ನೊಂದು ಪುಸ್ತಕದಾಗ, ಅದ್ರ ಕೀಲಿ ನನ್ ಕೊಳ್ಳಾಗ.

ಏನ್ ತರ್ಬೇಕು ಅಂದ್ರಲ್ಲ. ಮೊದ್ಲು ಪರದಿ, ದಪ್ಪನ ಬಟ್ಟಿದು, ನೆಲದ ತನಕ ಇರ್ಲಿ, ನಮ್ದು ಮೊದಲ್ನೇದು ಗಿಡ್ಡ ಆಗಿ ಕೆಳಗ ಕಾಲು ಕಾಣ್ತಿದ್ವು, ಚಪ್ಪಲ್ ನೋಡಿ ಯಾರು ಅಂತ ಹುಡುಗ್ರು ಹೇಳ್ತಿದ್ರು. ಒಂದು ಮಣ್ಣಿನ ಕೊಡ, ಗ್ಲಾಸ್, ಗ್ಲುಕೋಸ್ ಬಿಸ್ಕಿಟ್ ಡಬ್ಬಿ. ತೂಕದ ಮಷೀನ್, ಬಿಪಿ ಮಷೀನ್, ಕಣ್ಣಿನ ಚಾರ್ಟ್, ಥರ್ಮಾಮೀಟರ್. ಹಿಮೋಗ್ಲೋಬಿನ್ ನೋಡೋ ಮಷೀನ್ ತುಟ್ಟಿ ಅದ, ಅದನ್ನ ನಿಮ್ ಪಿಎಚ್‌ಸಿ ಸಿಸ್ಟರ್‌ಗ ತಿಂಗಳಿಗೊಮ್ಮೆ ತರ್ಲಿಕ್ಕ ಹೇಳ್ರಿ. ಆಂಟಿಬಯೋಟಿಕ್ ಏನೂ ಇಡಬ್ಯಾಡ್ರಿ, ಪ್ಯಾರಾಸಿಟಮಾಲ್ ಮತ್ತ ಓಆರ್‌ಎಸ್ ಸಾಕು, ಅದೂ ವರ್ಷದ ಮೊದಲ್ನೇ ಪಾಲಕರ ಸಭಾದಾಗ ಒಪ್ಪಿಗಿ ಸಹಿ ತಗೊಂಡ ಮ್ಯಾಲ. ಎರಡನೇ ರೂಮ್ ಖಾಲಿ ಅದ ಅಂದ್ರಿ, ಅದಕ್ಕ ಕೇರಂ ಬೋರ್ಡ್ ಹಾಕಿ ಬಿಡ್ರಿ.