2 ಲಕ್ಷ ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಚಪ್ಪಟೆ ತಳವೋ, ಇಂಟ್ಜೆ ತಳವೋ? ಯಾವುದು ಅಗ್ಗ?

ಈ ಗಾತ್ರಕ್ಕೆ ಸಾಮಾನ್ಯವಾಗಿ ಇಂಟ್ಜೆಯೇ (ಸುತ್ತ ಶಂಕುವಿನಾಕಾರದ ಭಾಗ, ನಡುವೆ ಮೇಲಕ್ಕೆ ಉಬ್ಬಿದ ಗುಮ್ಮಟ ಇರುವ ತಳ) ಅಗ್ಗ. 8 ಮೀ. ಅಗಲದ ಚಪ್ಪಟೆ ತಳ ನೀರಿನ ಭಾರಕ್ಕೆ ಬಾಗುತ್ತದೆ. ಅದನ್ನು ತಡೆಯಲು ದಪ್ಪ ಸ್ಲ್ಯಾಬು, ತೊಲೆಗಳು ಬೇಕು. ಇಂಟ್ಜೆಯಲ್ಲಿ ಶಂಕುವಿನಾಕಾರದ ಭಾಗ ಕೆಳಗಿನ ರಿಂಗ್ ಬೀಮನ್ನು (ಉಂಗುರದಾಕಾರದ ತೊಲೆಯನ್ನು) ಒಳಕ್ಕೆ ತಳ್ಳುತ್ತದೆ, ತಳದ ಗುಮ್ಮಟ ಹೊರಕ್ಕೆ. ಇವೆರಡೂ ಹೆಚ್ಚುಕಡಿಮೆ ಸರಿಹೋಗುವಂತೆ ಅಳತೆ ಹೊಂದಿಸುವುದೇ ಉಳಿತಾಯದ ಗುಟ್ಟು. ತೀರಾ ಚಿಕ್ಕ ಟ್ಯಾಂಕಿಗೆ ಇದು ಬೇಡ, ಬಾಗಿದ ಸೆಂಟ್ರಿಂಗ್ ಖರ್ಚೇ ಲಾಭವನ್ನು ನುಂಗುತ್ತದೆ.

ಗೋಡೆಯ ಕಬ್ಬಿಣದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನೀರು 4 ಮೀ. ಇದ್ದರೆ ಬುಡದಲ್ಲಿ ಉಂಗುರದ ಎಳೆತ (ನೀರಿನ ಒತ್ತಡಕ್ಕೆ ಗೋಡೆಯ ಸುತ್ತ ಹುಟ್ಟುವ ಎಳೆತ: ನೀರಿನ ಘನ ಮೀಟರ್ ತೂಕ × ಆಳ × ವ್ಯಾಸ ÷ 2) 9.81×4×8÷2, ಅಂದರೆ ಮೀಟರ್ ಎತ್ತರಕ್ಕೆ ಸುಮಾರು 157 ಕಿಲೋನ್ಯೂಟನ್. ಬಿರುಕು ತಡೆಯಲು ಕಬ್ಬಿಣದ ಒತ್ತಡವನ್ನು 130 ಮೆಗಾಪಾಸ್ಕಲ್‌ಗೆ ಮಿತಿಗೊಳಿಸಿದರೆ ಸುಮಾರು 1,210 ಚ.ಮಿ.ಮೀ. ಬೇಕು: ಎರಡೂ ಮುಖಗಳಲ್ಲಿ 12 ಮಿ.ಮೀ. ಸರಳು, 180 ಮಿ.ಮೀ.ಗೊಂದು. ಮೇಲೆ ಹೋದಂತೆ ಕಡಿಮೆ ಮಾಡಬಹುದು.