ಮಳೆ ಅಳೆಯೋದರಿಂದ ಶುರು ಮಾಡಿ

ಸರ್, ಚಳ್ಳಕೆರೆ ಕಡೆಯ ನಿಮ್ಮ 1ರಿಂದ 7ನೇ ತರಗತಿ ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದೆ ಎಲ್ಲ ವಿಷಯ ಜೋಡಿಸೋದು ಹೇಗೆ ಅಂತ ಕೇಳಿದ್ದೀರಿ. ಮಳೆಮಾಪಕ ಮಾಡಿಸಿ. ಪಕ್ಕ ನೇರವಿರುವ 2 ಲೀಟರ್ ಬಾಟಲಿಯ ಕತ್ತು ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗು ಇರುತ್ತೆ, ಅಲ್ಲಿಂದಲೇ ಸ್ಕೇಲ್ ಅಂಟಿಸಿದರೆ ಲೆಕ್ಕ ತಪ್ಪುತ್ತೆ. ಬೆಣಚುಕಲ್ಲು ಹಾಕಿ, ನೇರ ಭಾಗದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತಿಸಿ. ಗೋಡೆ, ಬೇವಿನ ಮರದಿಂದ ದೂರ ಇಡಿ. ಬೆಳಗ್ಗೆ 8:30ಕ್ಕೆ (ಹವಾಮಾನ ಇಲಾಖೆಯ ಹೊತ್ತೂ ಅದೇ) ಓದಿ. ಬಿಸಿಲಿಗೆ ನೀರು ಆರಿ ಮಟ್ಟ ಇಳಿಯುತ್ತೆ, ದಿನಾ ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆ ಗುರುತಿಗೆ ತನ್ನಿ.

3ನೇ ತರಗತಿಯವರು ಸ್ತಂಭಚಿತ್ರ ಬರೆಯಲಿ. 7ರವರಿಗೆ ಲೆಕ್ಕ: 50 ಚದರ ಮೀಟರ್ ಚಾವಣಿ ಮೇಲೆ 10 ಮಿ.ಮೀ. ಬಿದ್ದರೆ 500 ಲೀಟರ್. ಕನ್ನಡಕ್ಕೆ ಮಳೆ ನಕ್ಷತ್ರದ ಗಾದೆಗಳು, ಸಮಾಜಕ್ಕೆ ವೇದಾವತಿ ನದಿ, ಅದರ ವಾಣಿ ವಿಲಾಸ ಸಾಗರ ಅಣೆಕಟ್ಟು. ಇಂಗ್ಲಿಷನ್ನು ಮಾತ್ರ ಇದರಲ್ಲಿ ತುರುಕಬೇಡಿ, ಅದಕ್ಕೆ ಬೇರೆ ಪಿರಿಯಡ್ಡೇ ಬೇಕು.