ಬಾಕಿಯ ಕಾಲಂ ಅಳಿಸಿಬಿಡಿ

ನಮಸ್ಕಾರ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡಿ, ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವಂಥ ಪತ್ರ ಅದಾಗಿರಲಿಲ್ಲ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೂ ವಿಷಯ ತಿಳಿಯಬೇಕಲ್ಲ, ಅದಕ್ಕೆ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನಿಮಗೀಗ 41 ವರ್ಷ. ವರ್ಷದ ಮೊದಲ ದಿನ ಹೊಸ ನೋಟ್‌ಬುಕ್ಕಿನಲ್ಲಿ ಏಳು ಗುರಿ ಬರೆದಿರಿ. ಬೆಳಿಗ್ಗೆ ಐದಕ್ಕೆ ಏಳುವುದು, 10 ಕಿಲೋ ತೂಕ ಇಳಿಸುವುದು, ಒಂದು ಹೊಸ ಭಾಷೆ ಕಲಿಯುವುದು, ವಾರಕ್ಕೊಂದು ಪುಸ್ತಕ ಓದುವುದು, ರಾತ್ರಿ ಕೂತು ಒಂದು ಕೋರ್ಸ್ ಮುಗಿಸುವುದು, ಮೊಬೈಲ್ ಕಡಿಮೆ ಮಾಡುವುದು, ಕೊನೆಗೆ ತೀರಿಹೋದ ತಂದೆಯವರ 11 ಡೈರಿಗಳನ್ನು ಓದಿ ಪ್ರತಿ ಮಾಡಿಡುವುದು. ಮೂರನೇ ವಾರಕ್ಕೆ ಎಲ್ಲವೂ ನಿಂತುಹೋಯಿತು. ಮನೆಯಲ್ಲಿ ‘ಇದೆಲ್ಲ ಆರಂಭಶೂರತ್ವ’ ಅಂದರು. ‘ನನ್ನಲ್ಲಿ ಛಲವೇ ಇಲ್ಲ, ಅದನ್ನು ತಂದುಕೊಳ್ಳುವುದು ಹೇಗೆ ಹೇಳಿ’ ಅಂತ ಕೇಳಿದ್ದೀರಿ.

ಪತ್ರವನ್ನು ನಾನು ಮೂರು ಸಲ ಓದಿದೆ. ಮೊದಲ ಆರು ಗುರಿಗಳು ಒಂದೊಂದು ಸಾಲಿನಲ್ಲಿ ಮುಗಿದಿವೆ. ಏಳನೆಯದಕ್ಕೆ ಒಂದೂವರೆ ಪುಟ ಬರೆದಿದ್ದೀರಿ! ಶಾಯಿ ಕಂದು ಬಣ್ಣಕ್ಕೆ ತಿರುಗಿದೆ ಅಂತ, ಎರಡು ಡೈರಿಗಳ ಅಂಚು ಮುಟ್ಟಿದರೆ ಪುಡಿಯಾಗುತ್ತೆ ಅಂತ, ಅಪ್ಪ ‘ಳ’ ಬರೆಯುವ ರೀತಿ ಬೇರೆ ಯಾರದ್ದೂ ಅಲ್ಲ ಅಂತ, ಪ್ರತಿ ಭಾನುವಾರದ ಪುಟದ ಕೆಳಗೆ ಒಂದೇ ಒಂದು ಪದ ಇದೆ, ಎಷ್ಟು ಸಲ ನೋಡಿದರೂ ಅದೇನೆಂದು ತಿಳಿಯುತ್ತಿಲ್ಲ ಅಂತ. ಹೀಗೆ ಬರೆಯಬಲ್ಲವರಿಗೆ ಛಲ ಇಲ್ಲ ಅಂದರೆ ನಾನು ನಂಬುವುದಿಲ್ಲ. ಆ ಆರು ಗುರಿಗಳು ಎಲ್ಲಿಂದ ಬಂದವು, ಯಾರಿಂದ ಬಂದವು, ಒಮ್ಮೆ ಕೇಳಿಕೊಳ್ಳಿ. ‘ಎಲ್ಲರೂ ಐದಕ್ಕೆ ಏಳ್ತಾರೆ’ ಅಂತ ನೀವೇ ಬರೆದಿದ್ದೀರಿ. ಅಲ್ಲೇ ಉತ್ತರ ಇದೆ, ಅಲ್ವಾ?

ಇದು ಸುಮ್ನೆ ನನ್ನ ಅನಿಸಿಕೆ ಅಂದುಕೊಳ್ಳಬೇಡಿ. ಕೆನನ್ ಶೆಲ್ಡನ್ ಮತ್ತು ಆಂಡ್ರೂ ಎಲಿಯಟ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಹೆಚ್ಚುಕಡಿಮೆ ಇದೇ. ತನ್ನ ಒಲವಿನಿಂದ, ತಾನು ಬೆಲೆ ಕೊಡುವ ಕಾರಣಕ್ಕೆ ಹಿಡಿದ ಗುರಿಗಾಗಿ ಮನುಷ್ಯ ಜಾಸ್ತಿ ದಿನ ದುಡಿಯುತ್ತಾನೆ, ಅದು ಕೈಗೂಡಿದಾಗ ಸಿಗುವ ತೃಪ್ತಿಯೂ ದೊಡ್ಡದು. ನಾಚಿಕೆಗೋ ಇನ್ನೊಬ್ಬರ ಒತ್ತಾಯಕ್ಕೋ ಹಿಡಿದದ್ದು ಬೇಗ ಕೈಜಾರುತ್ತದೆ.

ಅದೂ ಅಲ್ಲದೆ ನಿಮ್ಮ ಗುರಿಗಳು ಒಂದಕ್ಕೊಂದು ಜಗಳವಾಡುತ್ತಿದ್ದವು. ರಾತ್ರಿ ಹನ್ನೊಂದರವರೆಗೆ ಕೋರ್ಸು, ಬೆಳಿಗ್ಗೆ ಐದಕ್ಕೆ ಎದ್ದೇಳುವುದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ನಿದ್ದೆಗೆಟ್ಟವರಿಗೆ ಮೂರನೇ ವಾರದಲ್ಲಿ ಕೈಕಾಲು ಸೋಲುವುದು ಸಹಜ. ಅದನ್ನು ಸ್ವಭಾವದ ದೋಷ ಅಂತ ಯಾಕೆ ಬರೆದುಕೊಳ್ಳಬೇಕು?

ಇನ್ನೊಂದು ಮಾತು ಬರೆದಿದ್ದೀರಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಓದು ಮುಗಿಸಿದವರ ಪೈಕಿ ಗುರಿ ಬರೆದಿಟ್ಟುಕೊಂಡಿದ್ದ ಶೇ. 3ರಷ್ಟು ಜನ, 20 ವರ್ಷದ ಮೇಲೆ ನೋಡಿದರೆ ಉಳಿದ ಶೇ. 97 ಜನರ ಒಟ್ಟು ಆಸ್ತಿಗಿಂತ ಜಾಸ್ತಿ ಗಳಿಸಿದ್ದರಂತೆ, ‘ನಾನೂ ಬರೆದಿಟ್ಟಿದ್ದೆ, ಆದರೂ ಆಗಲಿಲ್ಲ’ ಅಂತ. ದಯವಿಟ್ಟು ಈ ಕಥೆಯನ್ನು ತಲೆಯಿಂದ ತೆಗೆದುಹಾಕಿ. ಅಂಥ ಅಧ್ಯಯನ ನಡೆದೇ ಇಲ್ಲ. ನಡೆದದ್ದಕ್ಕೆ ಯಾವ ದಾಖಲೆಯೂ ಇಲ್ಲ ಅಂತ ಯೇಲ್‌ನವರೇ ಹೇಳಿದ್ದಾರೆ. ಭಾಷಣಗಳಲ್ಲಿ ಬಾಯಿಂದ ಬಾಯಿಗೆ ಹರಡಿದ ಕಥೆ ಇದು. ಇಲ್ಲದ ಜನರ ಜೊತೆ ಹೋಲಿಸಿಕೊಂಡು ನೀವು ಇಷ್ಟು ದಿನ ಕುಗ್ಗಿದ್ದು ಓದಿ ನನಗೆ ನಿಜವಾಗಿ ಸಂಕಟವಾಯಿತು.

ಸರಿ, ಈಗ ಡೈರಿಗಳಿಗೆ ಬರೋಣ. ಉಳಿದ ಆರನ್ನು ಈ ವರ್ಷ ಬಿಡಿ. ಮುಂದೆ ಬೇಕೆನಿಸಿದರೆ ಒಂದೊಂದಾಗಿ ಎತ್ತಿಕೊಂಡರಾಯಿತು.

ಒಂದು ಡೈರಿಯಲ್ಲಿ ಸುಮಾರು 300 ಪುಟ ಬರಹ ಇದೆ, ಒಂದು ಪುಟ ಓದಿ ಪ್ರತಿ ಮಾಡಲು ಅರ್ಧ ಗಂಟೆ ಬೇಕು ಅಂದಿದ್ದೀರಿ. ಲೆಕ್ಕ ಹಾಕಿ ನೋಡಿ. 11 ಡೈರಿ ಅಂದರೆ 3300 ಪುಟ. ಒಂದೇ ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಒಂಬತ್ತು ಪುಟ, ಅಂದರೆ ನಾಲ್ಕೂವರೆ ಗಂಟೆ, ಅದೂ ಒಂದು ದಿನವೂ ತಪ್ಪದೆ! ಕೆಲಸ, ಮನೆ ಎರಡನ್ನೂ ನೋಡಿಕೊಳ್ಳುವವರಿಂದ ಇದು ಸಾಧ್ಯವೇ? ಗುರಿ ಬರೆಯುವ ದಿನ ನೀವು ಈ ಲೆಕ್ಕ ಹಾಕಿರಲಿಲ್ಲ. ಯಾರೂ ಹಾಕುವುದಿಲ್ಲ. 1994ರಲ್ಲಿ ಕೆನಡಾದ ಸಂಶೋಧಕರು ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 34 ದಿನ ಅಂದರು, ಹಿಡಿದದ್ದು ಸುಮಾರು 55. ಎಲ್ಲವೂ ಕೆಟ್ಟುಹೋದರೆ ಎಷ್ಟು ಬೇಕು ಅಂತ ಕೇಳಿದಾಗ ಹೇಳಿದ ದಿನಗಳೂ ಸಾಲಲಿಲ್ಲ.

ಹಾಗಾಗಿ ಈ ವರ್ಷಕ್ಕೆ ಒಂದೇ ಡೈರಿ ಸಾಕು. ಅಂಚು ಪುಡಿಯಾಗುತ್ತಿರುವುದನ್ನೇ ಮೊದಲು ಎತ್ತಿಕೊಳ್ಳಿ, ಅದಕ್ಕೆ ಕಾಯುವ ಶಕ್ತಿ ಕಡಿಮೆ. ಉಳಿದವುಗಳ ಒಂದೊಂದು ಪುಟವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ, ಆಗ ಹಾಳಾಗುತ್ತವೆ ಎಂಬ ಭಯ ಬೆನ್ನಟ್ಟುವುದಿಲ್ಲ. ದಿನಕ್ಕೆ ಒಂದು ಪುಟ. 300 ಪುಟಕ್ಕೆ 365 ದಿನ ಅಂದರೆ 65 ದಿನ ನಿಮ್ಮ ಕೈಯಲ್ಲೇ ಉಳಿಯುತ್ತವೆ. ಜ್ವರಕ್ಕೆ, ನೆಂಟರಿಗೆ, ಮನಸ್ಸಿಲ್ಲದ ದಿನಕ್ಕೆ ಅವು ಇರಲಿ. ಹೀಗೆ ಹೋದರೆ 11 ವರ್ಷ ಬೇಕು ಅಂತ ಗಾಬರಿಯಾಗಬೇಡಿ. ಕೈಬರಹ ಪಳಗಿದ ಮೇಲೆ ಅರ್ಧ ಗಂಟೆಗೆ ಎರಡು ಪುಟವೂ ಆದೀತು, ಆಗ ನೋಡಿಕೊಳ್ಳೋಣ.

ದೂರದ ಗುರಿಯನ್ನು ಹೀಗೆ ಹತ್ತಿರಕ್ಕೆ ತರುವುದರ ಬಗ್ಗೆ ನನಗಿಷ್ಟವಾದ ಒಂದು ಪ್ರಯೋಗವಿದೆ. 1981ರದ್ದು, ಆಲ್ಬರ್ಟ್ ಬಂಡೂರಾ ಮತ್ತು ಡೇಲ್ ಶುಂಕ್ ಮಾಡಿದ್ದು. ಕಳೆಯುವ ಲೆಕ್ಕದಲ್ಲಿ ಹಿಂದಿದ್ದ, ಲೆಕ್ಕ ಅಂದರೆ ಆಸಕ್ತಿಯೇ ಇಲ್ಲದ ಮಕ್ಕಳು. ಕೆಲವರಿಗೆ ಏಳು ದಿನದ ಪಾಠ ಮುಗಿಯುವಷ್ಟರಲ್ಲಿ 42 ಪುಟ ಮುಗಿಸಿ ಅಂದರು, ಇನ್ನು ಕೆಲವರಿಗೆ ಪ್ರತಿ ಸಲ ಆರು ಪುಟ ಮಾಡಿ ಅಂದರು. ಕೆಲಸ ಒಂದೇ. ಆದರೆ ಆರು ಪುಟದ ಮಕ್ಕಳೇ ಚೆನ್ನಾಗಿ ಕಲಿತರು, ನನಗೂ ಬರುತ್ತೆ ಎಂಬ ಧೈರ್ಯ ಅವರಿಗೇ ಜಾಸ್ತಿ ಬಂತು, ಬಿಡುವಿನಲ್ಲಿ ತಾವಾಗಿಯೇ ಲೆಕ್ಕ ಬಿಡಿಸಲು ಕೂತವರೂ ಅವರೇ.

ಆಮೇಲೆ, ‘ದಿನಾ ಬರೆಯುತ್ತೇನೆ’ ಎಂದಷ್ಟೇ ನಿರ್ಧರಿಸಿದರೆ ಸಾಲದು. ಯಾವಾಗ, ಎಲ್ಲಿ? ‘ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಕೂಡಲೇ ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಡೈರಿ ತೆರೆಯುತ್ತೇನೆ’ ಅಂತ ಬರೆಯಿರಿ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಇಂಥ ಸಂಕಲ್ಪದ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಅವರ ಒಂದು ಪ್ರಯೋಗದಲ್ಲಿ ರಜೆಯಲ್ಲಿ ಒಂದು ಸಣ್ಣ ವರದಿ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದ್ದರು. ಎಲ್ಲಿ, ಯಾವಾಗ ಕೂತು ಬರೆಯುತ್ತೇವೆ ಅಂತ ಮೊದಲೇ ಗೊತ್ತುಮಾಡಿಕೊಂಡವರಲ್ಲಿ ವರದಿ ಕಳಿಸಿದವರ ಪ್ರಮಾಣ ಉಳಿದವರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಆ ಗಳಿಗೆ ಬಂದಾಗ ಮಾಡಲೋ ಬೇಡವೋ ಅಂತ ಮನಸ್ಸು ಚೌಕಾಸಿಗೆ ಇಳಿಯುವುದಿಲ್ಲ, ಕೈ ತಾನಾಗಿ ಹೋಗುತ್ತದೆ.

ಇನ್ನು ತಪ್ಪಿದ ದಿನದ ವಿಷಯ. ಇದನ್ನೇ ನಿಮಗೆ ಮುಖ್ಯವಾಗಿ ಹೇಳಬೇಕಿತ್ತು. ‘ಒಂದು ದಿನ ತಪ್ಪಿತು, ಆಮೇಲೆ ಎಲ್ಲವೂ ಹೋಯಿತು’ ಅಂದಿದ್ದೀರಿ. ಹಲವು ವರ್ಷದ ಹಿಂದೆ ನಾನು ನಾನೂರು ಪುಟಗಳ ಒಂದು ಅನುವಾದ ಕೈಗೆತ್ತಿಕೊಂಡೆ. ದಿನಕ್ಕೆ ಎರಡು ಪುಟ. ಒಂದು ಪುಸ್ತಕದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದೆ: ದಿನಾಂಕ, ಪುಟ, ಬಾಕಿ. ಮೂರು ವಾರ ಬಾಕಿಯಲ್ಲಿ ಸೊನ್ನೆ. ಆಮೇಲೆ ಒಂದು ವಾರ ಜ್ವರ ಬಂತು, ಎದ್ದಾಗ ಬಾಕಿ 14. ಆ ದಿನ ಎರಡು ಪುಟ ಬರೆದೆ, ಚೆನ್ನಾಗಿಯೇ ಬಂದಿತ್ತು, ಆದರೂ ಬಾಕಿ 14ರಲ್ಲೇ ನಿಂತಿತ್ತು. ಮತ್ತೆರಡು ದಿನ ತಪ್ಪಿ 18 ಆಯಿತು, ಆಮೇಲೆ 26, 38. ಆ ಅಂಕಿಯನ್ನು ನೋಡಲಾರದೆ ಲೆಕ್ಕದ ಪುಸ್ತಕವನ್ನು ಬೇರೆ ಪುಸ್ತಕಗಳ ಅಡಿಗೆ ತಳ್ಳಿದೆ. ಎಂಟು ತಿಂಗಳು ಅದು ಅಲ್ಲೇ ಇತ್ತು. ಅನುವಾದದ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ನನ್ನನ್ನು ತಡೆದದ್ದು ಆ ಮೂರನೇ ಕಾಲಂ. ಕೊನೆಗೊಂದು ದಿನ ಹೊಸ ಪುಸ್ತಕ ತಂದು ಎರಡೇ ಕಾಲಂ ಎಳೆದೆ. ಬಾಕಿ ಇಲ್ಲ. ನಿನ್ನೆಯದು ಏನೇ ಆಗಿರಲಿ, ಇವತ್ತಿನದು ಎರಡು ಪುಟ. ಕೆಲಸ ಮುಗಿಯಿತು, ನಾನಂದುಕೊಂಡದ್ದಕ್ಕಿಂತ ಒಂದೂವರೆ ವರ್ಷ ತಡವಾಗಿ.

2009ರಲ್ಲಿ ಹೊರಬಂದ ಲಂಡನ್ನಿನ ಒಂದು ಅಧ್ಯಯನ ಓದಿದಾಗ ಇದು ನೆನಪಾಯಿತು. ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಹಿಂಬಾಲಿಸಿದರು, ಒಂದು ಹೊಸ ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು ಅಂತ. 21 ದಿನ ಅಂತಾರಲ್ಲ, ಅದು ಸುಳ್ಳು. ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ ಲೆಕ್ಕದ ಪ್ರಕಾರ 254 ದಿನ, ನಡುವಿನ ಅಂಕಿ 66. ಇನ್ನೂ ಒಂದು ಮಾತು ಅದರಲ್ಲಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನೀವು ನಿಲ್ಲಿಸಿದ್ದು ಮೂರನೇ ವಾರದಲ್ಲಿ. ಬಹಳ ಜನರಿಗೆ ಆಗಿನ್ನೂ ಅರ್ಧ ದಾರಿಯೂ ಆಗಿರುವುದಿಲ್ಲ.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ, ಏನೂ ತಪ್ಪುವ ಮೊದಲೇ, ಇದನ್ನು ಬರೆದಿಡಿ: ‘ತಪ್ಪಿದ ದಿನದ ಮಾರನೆಯ ದಿನ ಒಂದೇ ಪುಟ, ಎರಡಲ್ಲ.’ ಹಿಂದಿನದನ್ನೂ ಸೇರಿಸಿ ತೀರಿಸುತ್ತೇನೆ ಅಂತ ಹೊರಡಬೇಡಿ. ಒಂದು ಪುಟವೂ ಆಗದಿದ್ದರೆ ಎರಡು ಸಾಲು. ಮನೆಯವರಿಗೆ ಬಿಡಿಸಿ ಹೇಳಿ ಒಪ್ಪಿಸುವ ಅಗತ್ಯವೂ ಇಲ್ಲ. ಅಪ್ಪನ ಒಂದು ಪುಟ ಓದಿ ಕೇಳಿಸಿ, ಅಷ್ಟೇ ಸಾಕಾಗಬಹುದು.

ಭಾನುವಾರದ ಆ ಪದವನ್ನು ಒಂದು ಬೇರೆ ಹಾಳೆಯಲ್ಲಿ, ಅವರು ಬರೆದ ಹಾಗೆಯೇ ತಿದ್ದಿ ತಿದ್ದಿ ಬರೆದು ನೋಡಿ. ಹಳೆಯ ಕೈಬರಹ ಕಣ್ಣಿಗೆ ಸಿಗದಿದ್ದಾಗ ಕೆಲವು ಸಲ ಕೈಗೆ ಸಿಗುತ್ತದೆ, ಹಸ್ತಪ್ರತಿಗಳ ಜೊತೆ ಕೆಲಸ ಮಾಡುವಾಗ ನನಗೆ ಹಾಗೆ ಆಗಿದೆ. ತಿಳಿದ ದಿನ ಒಂದು ಕಾರ್ಡ್ ಹಾಕಿ. ಅದೇನೆಂದು ತಿಳಿಯಲು ನಾನೂ ಕಾಯುತ್ತಿರುತ್ತೇನೆ.

ನಿಮ್ಮ
ಸಂಪಾದಕ